ಕೊಳ್ಳುವವರೂ ಕೊಚ್ಚುವವರೂ

ಹೊಸ ಮಾದರಿಯ ಕಾಳಗದ ವಿಮಾನದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಎರಡು ಪಕ್ಷವಾಗಿ ನಿಲ್ಲುವುದನ್ನು ನಾನು ನೋಡುತ್ತ ಬಂದಿದ್ದೇನೆ. ಒಂದು ಪಕ್ಷದವರು ಕೊಳ್ಳುವವರು. "ಇದೆಲ್ಲ ನಮ್ಮ ಕೈಲಾಗುವ ಕೆಲಸವಲ್ಲ, ನಲವತ್ತು ವರ್ಷ ಒದ್ದಾಡಿದ್ದು ಸಾಕು, ಒಳ್ಳೆಯ ಮಾಲು ಎಲ್ಲಿ ಸಿಕ್ಕುತ್ತದೋ ಅಲ್ಲಿಂದ ತಂದರಾಯಿತು" ಎಂಬುದು ಇವರ ವಾದ. ೨೦೨೫ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ತಮ್ಮ ಎಫ್-೩೫ ವಿಮಾನವನ್ನು ಭಾರತಕ್ಕೂ ಕೊಡುವ ದಾರಿ ತೆರೆಯುವೆವೆಂದದ್ದೇ ತಡ, ಇವರು ಮನಸ್ಸಿನಲ್ಲಿಯೇ ಚೆಕ್ಕು ಬರೆದುಬಿಟ್ಟರು. ಇನ್ನೊಂದು ಪಕ್ಷದವರು ಕೊಚ್ಚುವವರು. ಅದೇ ತಿಂಗಳು ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ನಮ್ಮ ಮುಂದಿನ ಯುದ್ಧವಿಮಾನವಾದ ಆಮ್ಕಾದ ಪೂರ್ಣ ಗಾತ್ರದ ಮಾದರಿಯನ್ನಿಟ್ಟಿದ್ದರು. ಮಾದರಿ ಹಾರುವುದಿಲ್ಲ. ಆದರೆ ಕೊಚ್ಚುವವರ ಬಾಯಲ್ಲಿ ಅದು ಆಗಲೇ ಚೀನದ ಗಡಿ ದಾಟಿ ಗೆದ್ದು ಹಿಂತಿರುಗಿತ್ತು.

ಈ ಇಬ್ಬರೂ ಒಬ್ಬರನ್ನೊಬ್ಬರು ಹಳಿದುಕೊಳ್ಳುತ್ತಾರೆ. ಆದರೆ ಇಬ್ಬರ ತಿಳಿವಳಿಕೆಯೂ ಒಂದೇ. ಇಬ್ಬರಿಗೂ ವಿಮಾನವೆಂದರೆ ಒಂದು ಸಾಮಾನು. ಒಬ್ಬರಿಗೆ ಅಂಗಡಿಯಿಂದ ತರಬೇಕಾದ್ದು, ಇನ್ನೊಬ್ಬರಿಗೆ ಮೆರವಣಿಗೆಯಲ್ಲಿ ತೋರಿಸಬೇಕಾದ್ದು. ವಿಮಾನವೆಂಬುದು ಒಂದು ದೇಶ ಮೂವತ್ತು ನಲವತ್ತು ವರ್ಷ ಕೈಬಿಡದೆ ಸಾಕಿಕೊಂಡು ಬರಬೇಕಾದ ಕಸುಬು ಎಂಬುದು ಇಬ್ಬರಿಗೂ ಹೊಳೆದಂತಿಲ್ಲ. ಈ ಕಸುಬಿನಲ್ಲಿ ದೇಶದೇಶಗಳ ನಡುವೆ ಇರುವ ಅಂತರ ಬುದ್ಧಿಯ ಅಂತರವಲ್ಲ, ಹಣದ ಅಂತರವೂ ಪೂರ್ತಿಯಾಗಿ ಅಲ್ಲ. ಸೋಲನ್ನು ಎಷ್ಟು ಕಾಲ ಸಹಿಸಿಕೊಂಡು ಮುಂದುವರಿಯಬಲ್ಲರು ಎಂಬುದರ ಅಂತರ. ಇದು ನನ್ನ ವಾದ. ಒಂದೊಂದು ದೇಶವನ್ನಾಗಿ ನೋಡೋಣ.

ಅಮೆರಿಕದ್ದು ಶ್ರೀಮಂತನ ರೀತಿ. ಎರಡು ಗುಂಪುಗಳಿಗೆ ಹಣ ಕೊಟ್ಟು ಎರಡು ಬಗೆಯ ವಿಮಾನ ಕಟ್ಟಿಸುತ್ತದೆ, ಎರಡು ಬಗೆಯ ಎಂಜಿನು ಮಾಡಿಸುತ್ತದೆ, ಎಲ್ಲವನ್ನೂ ಹಾರಿಸಿ ನೋಡಿ ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸುತ್ತದೆ. ಎಫ್-೨೨ ಹೀಗೆ ೧೯೯೧ರಲ್ಲಿ ಗೆದ್ದು ಬಂದ ವಿಮಾನ. ಆದರೂ ಇಂಥದೊಂದು ವಿಮಾನ ಬೇಕೆಂದು ೧೯೮೧ರಲ್ಲಿ ಹೊರಟವರ ಕೈಗೆ ಅದು ಕೆಲಸಕ್ಕೆ ಬಂದದ್ದು ೨೦೦೫ರ ಡಿಸೆಂಬರಿನಲ್ಲಿ. ಇಪ್ಪತ್ತನಾಲ್ಕು ವರ್ಷ! ೭೫೦ ಬೇಕೆಂದು ಹೊರಟು ೧೮೭ಕ್ಕೆ ನಿಲ್ಲಿಸಿದರು. ಜಗತ್ತಿನ ಅತಿ ದೊಡ್ಡ ಬೊಕ್ಕಸವುಳ್ಳವರಿಗೇ ಈ ಪಾಡು. "ನಮ್ಮಲ್ಲಿ ಮಾತ್ರ ತಡ" ಎಂದು ತಲೆ ಚಚ್ಚಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ೨೦೨೫ರ ಮಾರ್ಚಿನಲ್ಲಿ ಅವರು ಮುಂದಿನ ತಲೆಮಾರಿನ ಎಫ್-೪೭ರ ಕೆಲಸವನ್ನು ಬೋಯಿಂಗಿಗೆ ವಹಿಸಿದರು. ಹಳೆಯದು ದುಬಾರಿಯಾಯಿತೆಂದು ಅವರು ಕಸುಬನ್ನೇ ಬಿಡಲಿಲ್ಲ.

ಫ್ರಾನ್ಸಿನದು ಹಠಮಾರಿ ಸಂಸಾರಸ್ಥನ ರೀತಿ. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನುಗಳ ಜೊತೆ ಕೂಡಿ ಒಂದು ವಿಮಾನ ಮಾಡುವ ಮಾತುಕತೆ ನಡೆದಿತ್ತು. ೧೯೮೫ರಲ್ಲಿ ಫ್ರಾನ್ಸ್ ಎದ್ದು ಹೊರಗೆ ಬಂದಿತು. ಒಂಟಿಯಾಗಿ ರಾಫೇಲನ್ನು ಕಟ್ಟಿತು. ೧೯೮೬ರ ಜುಲೈ ೪ರಂದು ಅದರ ಮೊದಲ ಮಾದರಿ ಹಾರಿದಾಗ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಎಫ್-೪೦೪ ಎಂಜಿನು. ನಮ್ಮ ತೇಜಸ್ಸಿನ ಹೊಟ್ಟೆಯಲ್ಲಿರುವುದೂ ಅದೇ ವಂಶದ್ದು. ಆದರೆ ಫ್ರೆಂಚರು ತಮ್ಮದೇ ಎಂ-೮೮ ಎಂಜಿನನ್ನು ಆ ಹೊತ್ತಿಗಾಗಲೇ ಒಲೆಯ ಮೇಲಿಟ್ಟಿದ್ದರು. ೧೯೯೦ರಲ್ಲಿ ಒಂದು ಅಮೆರಿಕನ್ ಎಂಜಿನನ್ನು ಕಳಚಿ ಆ ಜಾಗದಲ್ಲಿ ತಮ್ಮದನ್ನು ಕೂರಿಸಿ ಹಾರಿಸಿದರು. ಇಷ್ಟಾದರೂ ೨೦೧೫ರ ತನಕ, ಎಂದರೆ ಈಜಿಪ್ಟು ಕೊಳ್ಳುವ ತನಕ, ಹೊರಗಿನ ಒಬ್ಬ ಗಿರಾಕಿಯೂ ಬರಲಿಲ್ಲ. ಮೂವತ್ತು ವರ್ಷ ಊರೆಲ್ಲ ನಕ್ಕಿತು. ಫ್ರಾನ್ಸ್ ನಗಲೂ ಇಲ್ಲ, ಅಳಲೂ ಇಲ್ಲ, ಮಾಡುತ್ತ ಹೋಯಿತು. ಆಮೇಲೆ ಸಾಲುಸಾಲಾಗಿ ಬಂದ ಗಿರಾಕಿಗಳಲ್ಲಿ ನಾವೂ ಒಬ್ಬರು.

ಕೂಡಿ ಮಾಡುವವರೂ ಇದ್ದಾರೆ. ಬ್ರಿಟನ್, ಇಟಲಿ, ಜಪಾನುಗಳು ೨೦೨೨ರ ಡಿಸೆಂಬರಿನಲ್ಲಿ ಕೈಜೋಡಿಸಿ, ೨೦೩೫ರ ಹೊತ್ತಿಗೆ ಹೊಸ ವಿಮಾನವೊಂದನ್ನು ತರುವ ಸಂಕಲ್ಪ ಮಾಡಿದವು. ಫ್ರಾನ್ಸ್ ಮತ್ತು ಜರ್ಮನಿಗಳು ೨೦೧೭ರಲ್ಲಿಯೇ ಇಂಥದೇ ಸಂಕಲ್ಪ ಮಾಡಿದ್ದವು, ಸ್ಪೇನು ೨೦೧೯ರಲ್ಲಿ ಸೇರಿತು. ಆದರೆ ಯಜಮಾನಿಕೆ ಯಾರದು, ಯಾರಿಗೆಷ್ಟು ಪಾಲು ಎಂಬ ಜಗಳ ೨೦೨೫ರಲ್ಲಿಯೂ ತೀರಿರಲಿಲ್ಲ. ಕೂಡುವ ಮಾತಿನಲ್ಲಿ ಒಂದು ಗುಟ್ಟುಂಟು. ಜಪಾನು ಕೂಡಲು ಹೋಗುವ ಮುಂಚೆ ೨೦೧೬ರಲ್ಲಿ ತನ್ನದೇ ಪ್ರಯೋಗದ ವಿಮಾನವನ್ನು ಹಾರಿಸಿ ನೋಡಿತ್ತು. ಅದರ ಎಂಜಿನೂ ಸ್ವಂತದ್ದಾಗಿತ್ತು. ಕೈಯಲ್ಲಿ ಕಸುಬಿದ್ದವನು ಪಾಲುಗಾರ, ಇಲ್ಲದವನು ಬರಿಯ ಹಣ ಕೊಡುವ ಸಾಹುಕಾರ. ಎರಡನೆಯ ಪಾತ್ರ ನಮಗೆ ಚೆನ್ನಾಗಿ ಗೊತ್ತು. ರಷ್ಯದ ಸು-೫೭ರ ಆಧಾರದ ಮೇಲೆ ಕೂಡಿ ವಿಮಾನ ಮಾಡುವೆವೆಂದು ೨೦೧೦ರಲ್ಲಿ ಪ್ರಾಥಮಿಕ ವಿನ್ಯಾಸಕ್ಕಾಗಿಯೇ ೨೯.೫ ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡೆವು. ೨೦೧೮ರಲ್ಲಿ ಬಿಟ್ಟು ಬಂದೆವು. ವಿಮಾನವೂ ಇಲ್ಲ, ವಿದ್ಯೆಯೂ ಇಲ್ಲ.

ಇನ್ನು ಚೀನ. "ಅಲ್ಲಿ ಕೇಳುವವರಿಲ್ಲ, ಅದಕ್ಕೇ ಆಗುತ್ತದೆ" ಎಂದು ನಮ್ಮಲ್ಲಿ ಸಮಾಧಾನ ಹೇಳಿಕೊಳ್ಳುವವರುಂಟು. ಚೀನದ ಜೆ-೨೦ ೨೦೧೧ರ ಜನವರಿ ೧೧ರಂದು ಹಾರಿದಾಗ ರಷ್ಯದ ಎಂಜಿನುಗಳನ್ನೇ ಅವರು ನಂಬಿಕೊಂಡಿದ್ದರು. ಅವರ ಸ್ವಂತ ಎಂಜಿನಿನ ಕೆಲಸ ಶುರುವಾದದ್ದು ೧೯೮೦ರ ದಶಕದ ಉತ್ತರಾರ್ಧದಲ್ಲಿ, ಹೆಚ್ಚು ಕಡಿಮೆ ನಮ್ಮ ಕಾವೇರಿ ಎಂಜಿನಿನ ಕಾಲಕ್ಕೇ. ಅದೂ ಕೈಕೊಟ್ಟಿತು, ಅದೂ ಕೆಟ್ಟಿತು, ವರ್ಷಗಟ್ಟಲೆ ಯಾರೂ ನಂಬದ ಎಂಜಿನಾಗಿಯೇ ಉಳಿಯಿತು. ಅವರು ಕೈಬಿಡಲಿಲ್ಲ. ೨೦೧೬ರಲ್ಲಿ ಎಂಜಿನುಗಳಿಗೆಂದೇ ಬೇರೆಯಾಗಿ ಒಂದು ದೊಡ್ಡ ಸಂಸ್ಥೆಯನ್ನು ಕಟ್ಟಿದರು. ೨೦೨೧ರ ಝುಹಾಯ್ ಪ್ರದರ್ಶನದಲ್ಲಿ ತಮ್ಮದೇ ಎಂಜಿನಿನ ಜೆ-೨೦ನ್ನು ಲೋಕದ ಮುಂದೆ ಹಾರಿಸಿದರು. ೨೦೨೪ರ ಡಿಸೆಂಬರ್ ೨೬ರಂದು ಬಾಲದ ರೆಕ್ಕೆಯಿಲ್ಲದ ಎರಡು ಹೊಸ ಬಗೆಯ ವಿಮಾನಗಳು ಅವರ ಆಕಾಶದಲ್ಲಿ ಕಾಣಿಸಿದವು. ಇದರಲ್ಲಿ ಮಾಟವೂ ಇಲ್ಲ ಮಂತ್ರವೂ ಇಲ್ಲ. ಮೂವತ್ತು ವರ್ಷದ ಜಿಗುಟು ಉಂಟು.

ಪ್ರಜಾಪ್ರಭುತ್ವದಲ್ಲಿ ಇಂಥ ಜಿಗುಟು ಸಾಧ್ಯವಿಲ್ಲವೆ? ಫ್ರಾನ್ಸ್ ಯಾವ ಪ್ರಭುತ್ವ? ದೂರ ಹೋಗುವುದೇಕೆ, ನಮ್ಮ ಇಸ್ರೋವನ್ನೇ ನೋಡಬಹುದು. ಕ್ರಯೋಜೆನಿಕ್ ಎಂಜಿನಿನ ವಿದ್ಯೆಯನ್ನು ಕೊಡುವುದಾಗಿ ಒಪ್ಪಿದ್ದ ರಷ್ಯ ೧೯೯೩ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ಹಿಂದೆಗೆಯಿತು. ನಮ್ಮವರು ತಾವೇ ಮಾಡಹೊರಟರು. ೨೦೧೦ರ ಏಪ್ರಿಲಿನಲ್ಲಿ ಮೊದಲ ಹಾರಾಟ ಕಣ್ಣೆದುರಿಗೇ ಸೋತಿತು. ೨೦೧೪ರ ಜನವರಿ ೫ರಂದು ಗೆದ್ದಿತು. ನಡುವೆ ಮೂರೂವರೆ ವರ್ಷಕ್ಕೂ ಮೇಲೆ ಯಾರೂ ಇಸ್ರೋದ ಬಾಗಿಲು ಹಾಕಲಿಲ್ಲ. ಇದು ಇದೇ ದೇಶ, ಇದೇ ಸಂಸತ್ತು, ಇದೇ ಬಡ ಬೊಕ್ಕಸ. ಬಾಹ್ಯಾಕಾಶದಲ್ಲಿ ಉಂಟಾದ ತಾಳ್ಮೆ ವಾಯುಮಂಡಲದಲ್ಲಿ ಏಕೆ ಇಲ್ಲವಾಯಿತು?

ನಾನು ಪದೇ ಪದೇ ಎಂಜಿನಿನ ಮಾತನ್ನೇ ಆಡುತ್ತಿದ್ದೇನೆಂದು ಓದುಗರು ಬೇಸರಪಡಬಾರದು. ಈ ವಿಷಯದ ತಿರುಳು ಇರುವುದೇ ಅಲ್ಲಿ. ಯುದ್ಧವಿಮಾನದ ಎಂಜಿನಿನೊಳಗೆ ತಿರುಗುವ ಬ್ಲೇಡುಗಳ ಮೇಲೆ ಹಾಯುವ ಗಾಳಿಯ ಶಾಖ ಆ ಬ್ಲೇಡಿನ ಲೋಹವನ್ನು ಕರಗಿಸುವ ಶಾಖಕ್ಕಿಂತ ಹೆಚ್ಚು. ಬೆಲ್ಲದ ಸೌಟಿನಿಂದ ಕುದಿಯುವ ಪಾಯಸವನ್ನು ಕಲಕಬೇಕು, ಸೌಟು ಕರಗಕೂಡದು, ಅಂಥ ಕೆಲಸ. ಇದಕ್ಕಾಗಿ ಇಡೀ ಬ್ಲೇಡನ್ನು ಲೋಹದ ಒಂದೇ ಹರಳಾಗಿ ಬೆಳೆಸುತ್ತಾರೆ. ಅದರೊಳಗೆ ಸಣ್ಣ ಸಣ್ಣ ಕಾಲುವೆ ತೆಗೆದು ಗಾಳಿ ಹಾಯಿಸಿ ತಂಪು ಮಾಡುತ್ತಾರೆ. ಇದರ ನಕ್ಷೆ ಕೈಗೆ ಸಿಕ್ಕರೂ ಮಾಡಲಾಗದು. ಮೈಸೂರುಪಾಕು ಮಾಡುವ ಕ್ರಮ ಪುಸ್ತಕದಲ್ಲಿ ಉಂಟು, ಹದ ಪುಸ್ತಕದಲ್ಲಿಲ್ಲ. ಆ ಹದವನ್ನು ಬಲ್ಲ ದೇಶಗಳನ್ನು ಬೆರಳಿನ ಮೇಲೆ ಎಣಿಸಬಹುದು. ಅವರು ಅದನ್ನು ಮಾರುವುದಿಲ್ಲ. ಮಾರುವುದಾದರೆ ಎಂಜಿನನ್ನು ಮಾರುತ್ತಾರೆ, ಹದವನ್ನಲ್ಲ.

ಎಂಜಿನು ಬೇರೆಯವರದಾದರೆ ಏನಾಗುತ್ತದೆ? ಸ್ವೀಡನ್ನಿನ ಕಥೆ ಕೇಳಿ. ಒಂದು ಕೋಟಿ ಜನರ ಪುಟ್ಟ ದೇಶ. ವಿಮಾನ ಕಟ್ಟುವುದರಲ್ಲಿ ಯಾರಿಗೂ ಕಡಮೆಯಲ್ಲ. ೧೯೭೦ರ ದಶಕದಲ್ಲಿ ಅವರು ತಮ್ಮ ವಿಗ್ಗೆನ್ ವಿಮಾನವನ್ನು ನಮಗೇ ಮಾರಲು ಬಂದಿದ್ದರು. ಅದರ ಎಂಜಿನು ಅಮೆರಿಕದ ಎಂಜಿನೊಂದರ ಮಗು. ೧೯೭೮ರಲ್ಲಿ ಅಮೆರಿಕ ಮಾರಕೂಡದೆಂದಿತು. ಅಲ್ಲಿಗೆ ಮುಗಿಯಿತು. ಕಟ್ಟಿದವನು ಸ್ವೀಡ, ಕೊಳ್ಳುವವನು ಭಾರತೀಯ, ಬೇಡವೆಂದವನು ಮೂರನೆಯವನು! ಇಂದು ಸ್ವೀಡನ್ನಿನ ಗ್ರಿಪೆನ್, ಕೊರಿಯ ೨೦೨೨ರಲ್ಲಿ ಹಾರಿಸಿದ ಕೆಎಫ್-೨೧, ತುರ್ಕಿ ೨೦೨೪ರಲ್ಲಿ ಹಾರಿಸಿದ ಕಾನ್, ನಮ್ಮ ತೇಜಸ್—ಎಲ್ಲಕ್ಕೂ ಅಮೆರಿಕದ ಎಂಜಿನುಗಳೇ. ರೆಕ್ಕೆ ಯಾರದಾದರೂ ಇರಲಿ, ಉಸಿರು ಒಂದೇ ಅಂಗಡಿಯದು. ಕೊಚ್ಚುವವರು ಇದನ್ನು ಮರೆಯುತ್ತಾರೆ. ಪೂರ್ತಿ ವಿಮಾನವನ್ನೇ ಕೊಳ್ಳೋಣವೆನ್ನುವವರಿಗೂ ಪಾಠ ಉಂಟು: ಎಫ್-೩೫ರ ಪಾಲುಗಾರನಾಗಿ ಹಣ ಹೂಡಿ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದ ತುರ್ಕಿ ೨೦೧೯ರಲ್ಲಿ ರಷ್ಯದ ಕ್ಷಿಪಣಿ ತರಿಸಿದ ತಪ್ಪಿಗೆ ಹೊರಗೆ ನಿಂತಿತು. ಪಾಲುಗಾರನ ಗತಿಯೇ ಇದಾದರೆ ಗಿರಾಕಿಯ ಗತಿಯೇನು?

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಎಷ್ಟೋ ಜನ ದಿನವೂ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡುತ್ತಾರೆ. ಆ ಹೆಸರಿನವರು ಯಾರೆಂದು ಬಲ್ಲವರೆಷ್ಟು ಮಂದಿ? ೧೯೬೧ರ ಜೂನ್ ೧೭ರಂದು ಮಾರುತ ಎಂಬ ಯುದ್ಧವಿಮಾನವನ್ನು ಮೊಟ್ಟಮೊದಲು ಈ ಊರಿನ ಆಕಾಶಕ್ಕೆ ಎತ್ತಿದವರು ಅವರು. ಜರ್ಮನಿಯ ಕರ್ಟ್ ಟ್ಯಾಂಕ್ ೧೯೫೬ರಲ್ಲಿ ಇಲ್ಲಿಗೆ ಬಂದು ನಮ್ಮ ಎಂಜಿನಿಯರುಗಳನ್ನು ಜೊತೆಗೆ ಕೂರಿಸಿಕೊಂಡು ವಿನ್ಯಾಸ ಮಾಡಿದ ವಿಮಾನ ಅದು. ಶಬ್ದದ ಎರಡರಷ್ಟು ವೇಗಕ್ಕೆಂದು ಎಣಿಸಿ ಮಾಡಿದ್ದು. ಅದಕ್ಕೆಂದು ನೆಚ್ಚಿಕೊಂಡಿದ್ದ ಬಲವಾದ ಬ್ರಿಟಿಷ್ ಎಂಜಿನನ್ನು ಪೂರ್ತಿ ಮಾಡುವ ಖರ್ಚು ಹೊರಲು ಬ್ರಿಟನ್ನು ಒಪ್ಪಲಿಲ್ಲ, ನಾವೂ ಒಪ್ಪಲಿಲ್ಲ. ಸಣ್ಣ ಎಂಜಿನನ್ನೇ ಕೂರಿಸಿದೆವು. ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು. ಈಜಿಪ್ಟು ಮಾಡುತ್ತಿದ್ದ ಎಂಜಿನನ್ನು ಅಳವಡಿಸೋಣವೆಂದು ಒಂದು ಮಾರುತವನ್ನು ಅಲ್ಲಿಗೂ ಕಳಿಸಿದೆವು. ೧೯೬೯ರಲ್ಲಿ ಆ ಬಾಗಿಲೂ ಮುಚ್ಚಿತು. ೧೯೭೦ರ ಜನವರಿ ೧೦ರಂದು, ಎಂಜಿನಿನ ಬಲ ಹೆಚ್ಚಿಸಿದ್ದ ಪ್ರಯೋಗದ ಮಾರುತವನ್ನು ಹಾರಿಸುವಾಗ ಸುರಂಜನ್ ದಾಸ್ ತೀರಿಕೊಂಡರು.

ಆ ಮಾರುತ ಸೋತ ವಿಮಾನವಲ್ಲ. ೧೪೭ನ್ನು ಕಟ್ಟಿದರು, ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ದುಡಿಯಿತು. ಸೋತದ್ದು ಅದರ ಹಿಂದಿನ ಮನಸ್ಸು. ಮಾರುತದ ತಮ್ಮನನ್ನು ನಾವು ಹುಟ್ಟಿಸಲಿಲ್ಲ. ಮುಂದಿನ ಯುದ್ಧವಿಮಾನದ ಯೋಜನೆಗೆ ಒಪ್ಪಿಗೆ ಬಂದದ್ದು ೧೯೮೩ರಲ್ಲಿ. ಅಷ್ಟರಲ್ಲಿ ಕಲಿತವರು ನಿವೃತ್ತರಾಗಿದ್ದರು, ಇಲ್ಲವೆ ಬೇರೆ ಕೆಲಸಕ್ಕೆ ಹೋಗಿದ್ದರು. ಕೆನಡದಲ್ಲಿಯೂ ಹೀಗೇ ಆಯಿತು: ೧೯೫೯ರ ಫೆಬ್ರವರಿ ೨೦ರಂದು ಆರೋ ಎಂಬ ತಮ್ಮ ಅಪೂರ್ವ ವಿಮಾನವನ್ನೂ ಅದಕ್ಕೆಂದು ಮಾಡುತ್ತಿದ್ದ ಎಂಜಿನನ್ನೂ ಒಂದೇ ದಿನ ರದ್ದು ಮಾಡಿದರು. ಅದರ ಎಂಜಿನಿಯರುಗಳಲ್ಲಿ ಹಲವರು ಅಮೆರಿಕದ ನಾಸಾಕ್ಕೆ ಹೋಗಿ ಸೇರಿದರು. ಕೆನಡ ಮತ್ತೆ ಸ್ವಂತ ಯುದ್ಧವಿಮಾನ ಮಾಡಲಿಲ್ಲ. ಕಸುಬು ಕಾಗದದಲ್ಲಿರುವುದಿಲ್ಲ, ಕೈಗಳಲ್ಲಿರುತ್ತದೆ. ಕೈಗಳು ಚೆದರಿದರೆ ಮತ್ತೆ ಅಕ್ಷರಾಭ್ಯಾಸದಿಂದ ಶುರು. ತೇಜಸ್ಸಿಗೆ ೧೯೮೩ರಿಂದ ೨೦೧೬ರ ತನಕ, ಅದರ ಮೊದಲ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ಏರ್ಪಡುವ ತನಕ, ಮೂವತ್ತಮೂರು ವರ್ಷ ಹಿಡಿಯಿತೆಂದು ಹಂಗಿಸುತ್ತೇವಲ್ಲ, ಆ ಮೂವತ್ತಮೂರರಲ್ಲಿ ಬಹುಭಾಗ ನಾವು ಮಾರುತದ ಮನೆಯನ್ನು ಕೆಡವಿದ್ದಕ್ಕೆ ತೆತ್ತ ದಂಡ.

ಆದರೂ ಆ ದಂಡದಲ್ಲಿ ಒಂದು ಲಾಭವಾಯಿತು. ೧೯೯೮ರಲ್ಲಿ ಪೋಖ್ರಾನ್ ಸ್ಫೋಟದ ತರುವಾಯ ಅಮೆರಿಕ ನಿರ್ಬಂಧ ಹೇರಿತು. ತೇಜಸ್ಸಿನ ಹಾರಾಟ ನಿಯಂತ್ರಣದ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮವರು ಅರ್ಧದಲ್ಲೇ ಎದ್ದು ಬರಬೇಕಾಯಿತು. ಬೆಂಗಳೂರಿನಲ್ಲಿಯೇ ಕುಳಿತು ಆ ಕೆಲಸ ಮುಗಿಸಿದರು. ೨೦೦೧ರ ಜನವರಿ ೪ರಂದು ವಿಮಾನ ಹಾರಿತು. ತಾವೇ ಮಾಡಿದ್ದನ್ನು ಇನ್ನು ಯಾರೂ ಕಸಿದುಕೊಳ್ಳಲಾರರು. ಅದೇ ವಿಮಾನದ ಕೊಂಡು ತಂದ ಭಾಗವನ್ನು ನೋಡಿ: ೨೦೨೧ರಲ್ಲಿ ೮೩ ತೇಜಸ್‌ಗಳನ್ನೂ ಅವುಗಳಿಗಾಗಿ ೯೯ ಎಂಜಿನುಗಳನ್ನೂ ಹೇಳಿದೆವು. ಮೊದಲ ವಿಮಾನ ೨೦೨೪ರ ಮಾರ್ಚಿಗೆ ವಾಯುಪಡೆಗೆ ಬರಬೇಕಿತ್ತು. ಮೊದಲ ಎಂಜಿನೇ ಬಂದದ್ದು ೨೦೨೫ರ ಮಾರ್ಚಿನಲ್ಲಿ.

ಹಾಗಾದರೆ ಕಾವೇರಿ ಎಲ್ಲಿ ಹೋಯಿತು? ೧೯೮೯ರಲ್ಲಿ ೩೮೨ ಕೋಟಿ ಚಿಲ್ಲರೆ ರೂಪಾಯಿಗೆ ಮಂಜೂರಾದ ಆ ಎಂಜಿನಿನ ಅಂದಾಜು ಮುಂದೆ ೨,೮೩೯ ಕೋಟಿಗೆ ಏರಿತು. ಬೇಕಾದಷ್ಟು ಬಲ ಕೊಡದೆ ತೂಕವೂ ಹೆಚ್ಚಾಗಿ, ೨೦೦೮ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ದುಂದು, ದುಂದು ಎಂದು ಕೂಗಿದವರು ಬಹಳ. ಲೆಕ್ಕ ಹಾಕೋಣ. ೨೦೧೬ರಲ್ಲಿ ೩೬ ರಾಫೇಲುಗಳನ್ನು ಸುಮಾರು ೫೯,೦೦೦ ಕೋಟಿ ರೂಪಾಯಿಗೆ ಕೊಂಡೆವು. ಆಯುಧ, ಬಿಡಿಭಾಗಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಆದರೂ ಒಂದಕ್ಕೆ ೧,೬೦೦ ಕೋಟಿಯ ಮೇಲಾಯಿತು. ರೂಪಾಯಿಯ ಬೆಲೆ ಕಾಲಕಾಲಕ್ಕೆ ಬೇರೆಯೆಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಕಾವೇರಿಗೆ ಹಾಕಿದ ಅಂದಾಜೆಲ್ಲ ಸೇರಿದರೂ ಎರಡು ರಾಫೇಲಿನ ಬೆಲೆ ಆಗಲಿಲ್ಲ. ಎರಡು ವಿಮಾನದ ದುಡ್ಡಿಗೆ ಜಗತ್ತಿನ ಅತಿ ಕಠಿನವಾದ ವಿದ್ಯೆಯನ್ನು ಕಲಿಯಹೊರಟು, ಬರಲಿಲ್ಲವೆಂದು ಮೇಷ್ಟರನ್ನೂ ಹುಡುಗನನ್ನೂ ಬೈಯುವುದು ಯಾವ ನ್ಯಾಯ? ಆ ಎಂಜಿನನ್ನು ಆಕಾಶದಲ್ಲಿ ಪರೀಕ್ಷಿಸಲು ೨೦೧೦ರಲ್ಲಿ ರಷ್ಯಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. ನಮ್ಮಲ್ಲಿ ಅದಕ್ಕೆ ತಕ್ಕ ವಿಮಾನವಿರಲಿಲ್ಲ. ಮನೆಯಲ್ಲಿ ಹಲಗೆ ಬಳಪವಿಲ್ಲದೆ ಪಕ್ಕದ ಮನೆಗೆ ಹೋಗಿ ಬರೆದು ಬರುವ ಹುಡುಗನ ಸ್ಥಿತಿ.

ಇಲ್ಲಿ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಲೇಬೇಕು. "ಶಾಲೆಯ ಸೂರು ಸೋರುವ ದೇಶಕ್ಕೆ ಯುದ್ಧವಿಮಾನದ ಎಂಜಿನೇಕೆ?" ಎಂದು ಕೇಳುವವರನ್ನು ನಾನು ಗೌರವಿಸುತ್ತೇನೆ, ಅವರು ಕೊಳ್ಳುವವರೂ ಅಲ್ಲ, ಕೊಚ್ಚುವವರೂ ಅಲ್ಲ. ಯುದ್ಧವಿಮಾನವೇ ಬೇಡವೆಂದು ದೇಶ ತೀರ್ಮಾನಿಸುವುದಾದರೆ ನನ್ನ ಈ ಲೇಖನವನ್ನು ಹರಿದು ಹಾಕಬಹುದು. ಆದರೆ ದೇಶ ಹಾಗೆ ತೀರ್ಮಾನಿಸಿಲ್ಲ. ಎರಡು ಗಡಿಗಳ ಸ್ಥಿತಿ ನೋಡಿದರೆ ತೀರ್ಮಾನಿಸುವಂತೆಯೂ ಇಲ್ಲ. ವಿಮಾನ ಕೊಳ್ಳುತ್ತಲೇ ಇದ್ದೇವೆ, ಕೊಳ್ಳುತ್ತಲೇ ಇರುತ್ತೇವೆ. ಹಣ ಹೇಗೂ ಹೋಗುತ್ತದೆ. ಅದು ಪರದೇಶದ ಕಾರಖಾನೆಯ ಕೂಲಿಗೆ ಹೋಗಬೇಕೋ ಇಲ್ಲಿಯ ಹುಡುಗರ ಕಲಿಕೆಗೆ ಹೋಗಬೇಕೋ ಎಂಬುದಷ್ಟೇ ಪ್ರಶ್ನೆ. ಶಾಲೆಯ ಸೂರಿಗೂ ವಿಮಾನಕ್ಕೂ ಜಗಳ ಹಚ್ಚುವುದಾದರೆ, ಹೆಚ್ಚು ಬೆಲೆ ಕೊಟ್ಟು ತರುವ ವಿಮಾನದೊಡನೆ ಮೊದಲು ಹಚ್ಚಬೇಕು.

ಹಾಗಾದರೆ ಮಾಡಬೇಕಾದ್ದೇನು? ಆಮ್ಕಾ ವಿಮಾನದ ವಿನ್ಯಾಸಕ್ಕೂ ಐದು ಮಾದರಿಗಳಿಗೂ ಸುಮಾರು ೧೫,೦೦೦ ಕೋಟಿಗೆ ೨೦೨೪ರ ಮಾರ್ಚಿನಲ್ಲಿ ಒಪ್ಪಿಗೆ ದೊರೆಯಿತು. ಮೊದಲ ಮಾದರಿಗಳಿಗೆ ಮತ್ತೆ ಅಮೆರಿಕದ ಎಂಜಿನನ್ನೇ ನಿಶ್ಚಯಿಸಿದ್ದಾರೆ. ಫ್ರಾನ್ಸಿನ ಸಾಫ್ರಾನ್ ಜೊತೆಗೂಡಿ ಇಲ್ಲಿಯೇ ಎಂಜಿನು ಮಾಡುವೆವೆಂದು ರಕ್ಷಣಾ ಮಂತ್ರಿಗಳು ೨೦೨೫ರ ಆಗಸ್ಟಿನಲ್ಲಿ ಪ್ರಕಟಿಸಿದರು. ಒಳ್ಳೆಯದು. ಆದರೆ ನಾನು ಕೇಳುವುದು ಮೂರು ಮಾತು. ಒಂದು: ಎಂಜಿನಿನ ಕೆಲಸಕ್ಕೆ, ವಿಮಾನ ಬರಲಿ ಬಿಡಲಿ, ಇಪ್ಪತ್ತು ವರ್ಷ ಕಡಿಯದ ಹಣ; ಸರಕಾರ ಬದಲಾದರೂ ಬದಲಾಗದ ಹಣ. ಎರಡು: ಆ ಎಂಜಿನನ್ನು ಬೆಂಗಳೂರಿನ ಆಕಾಶದಲ್ಲಿಯೇ ಪರೀಕ್ಷಿಸುವ ಏರ್ಪಾಡು. ಮೂರು: ಒಪ್ಪಂದದಲ್ಲಿ ಹದ ಕಲಿಸುವ ಮಾತು, ಎಂದರೆ ಬ್ಲೇಡು ಬೆಳೆಸುವ ಕೆಲಸಕ್ಕೆ ನಮ್ಮ ಕೈಗಳೇ ಮೊದಲ ದಿನದಿಂದ ಇಳಿಯಬೇಕೆಂಬ ಷರತ್ತು. ಬರಿಯ ಪೆಟ್ಟಿಗೆ ತರಿಸಿ ತಿರುಪು ಹಾಕುವುದನ್ನು ಸ್ವದೇಶಿ ಎನ್ನಕೂಡದು.

ಇದರಲ್ಲಿ ಓದುಗರದೂ ಒಂದು ಪಾಲುಂಟು. ಈ ಎಂಜಿನು ಸೋಲುತ್ತದೆ. ಪರೀಕ್ಷೆಯ ಮಂಚದ ಮೇಲೆ ಸಿಡಿಯುತ್ತದೆ, ತೂಕ ಮೀರುತ್ತದೆ, ಹೇಳಿದ ತಾರೀಖಿಗೆ ಬರುವುದಿಲ್ಲ. ಅಮೆರಿಕದವರಿಗೂ ಚೀನದವರಿಗೂ ಆದದ್ದು ನಮಗೂ ಆಗುತ್ತದೆ. ಆ ದಿನ ಕೊಚ್ಚುವವರು ಸುದ್ದಿಯನ್ನು ಮುಚ್ಚಿಡಲು ನೋಡುತ್ತಾರೆ, ಕೊಳ್ಳುವವರು "ಹೇಳಿರಲಿಲ್ಲವೆ?" ಎಂದು ಕೈತಟ್ಟುತ್ತಾರೆ. ಪತ್ರಿಕೆ ಓದುವ ಮಧ್ಯಮ ವರ್ಗದ ನಾವು ಆ ದಿನ ಕೇಳಬೇಕಾದ ಪ್ರಶ್ನೆ "ಏಕೆ ಸೋತಿರಿ?" ಎಂಬುದಷ್ಟೇ ಅಲ್ಲ, "ಮುಂದಿನ ಪರೀಕ್ಷೆ ಯಾವತ್ತು?" ಎಂಬುದೂ ಹೌದು. ಮಾರುತದ ಕಾಲದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಸಾಕಷ್ಟು ಮಂದಿ ಇರಲಿಲ್ಲ. ಅದಕ್ಕೇ ಇಂದಿಗೂ ನಮ್ಮ ವಿಮಾನಗಳು ಪರದೇಶದ ಹಡಗು ಬರುವ ತನಕ ರೆಕ್ಕೆ ಹರಡಿಕೊಂಡು ನೆಲದ ಮೇಲೆ ಕಾಯುತ್ತವೆ.